ಲಿನಕ್ಸ್ ಬೈನರಿಗೆ ಬಿಎಸ್‌ಡಿ ಕರ್ನಲ್‌ನಲ್ಲಿ ಸಿಗ್‌ರಿಟರ್ನ್ ಬರೆಯುವ ಕ್ರಮ

ಬೆಳಗಾವಿಯ ಉದ್ಯಮಬಾಗ್ ಕಡೆಯ ವರ್ಕ್‌ಶಾಪ್‌ಗಳಲ್ಲಿ ಮಷೀನ್‌ಗೆ ಆಯುಷ್ಯ ಜಾಸ್ತಿ, ಅದರ ಜೊತೆ ಬಂದ ಸಾಫ್ಟ್‌ವೇರ್‌ಗೆ ಕಡಿಮೆ. ಅಳತೆ ತೆಗೆಯುವ ಉಪಕರಣದ ಜೊತೆ ಒಂದು ಲಿನಕ್ಸ್ ಬೈನರಿ, ಅಂದರೆ ಕಂಪೈಲ್ ಆದ ಪ್ರೋಗ್ರಾಂ, ಬಂದಿರುತ್ತದೆ. ಮಾರಿದವರು ಅಂಗಡಿ ಮುಚ್ಚಿರುತ್ತಾರೆ, ಸೋರ್ಸ್ ಕೋಡ್ ಯಾರ ಹತ್ತಿರವೂ ಇರುವುದಿಲ್ಲ. ಅದೇ ಬೈನರಿಯನ್ನು ನೆಟ್‌ಬಿಎಸ್‌ಡಿ (ಬಿಎಸ್‌ಡಿ ಅನ್ನುವ ಯುನಿಕ್ಸ್ ಕುಟುಂಬದ ಆಪರೇಟಿಂಗ್ ಸಿಸ್ಟಮ್) ಮೇಲೋ ನಿಮ್ಮದೇ ಸಣ್ಣ ಕರ್ನಲ್ ಮೇಲೋ ಓಡಿಸಬೇಕೆಂದರೆ ಬೈನರಿ ಕಂಪ್ಯಾಟಿಬಿಲಿಟಿ ಪದರ ಬೇಕು. ಓಪನ್, ರೀಡ್, ರೈಟ್, ಎಂಮ್ಯಾಪ್ ಬರೆದು ಮುಗಿಸುವ ಹೊತ್ತಿಗೆ ಪ್ರೋಗ್ರಾಂ ಚಾಲೂ ಆಗುತ್ತದೆ. ಆಮೇಲೆ ಬರುವ ದೂರು ಹೆಚ್ಚು ಕಡಿಮೆ ಒಂದೇ ಥರ: "ಸರ್, ಪ್ರೋಗ್ರಾಂ ಚಲೋನ ಓಡ್ತದ್ರೀ. ಟೈಮರ್ ಸಿಗ್ನಲ್ ಒಮ್ಮೆ ಬಂತಂದ್ರ ಮುಗೀತು, ಹ್ಯಾಂಡ್ಲರ್ ಮುಗದ ಕೂಡ್ಲೆ ಸೆಗ್‌ಫಾಲ್ಟ್!"

ಈ ಲೇಖನ ಆ ದೂರಿಗೆ ಉತ್ತರ. ವಿಟಿಯು ಸಿಲೆಬಸ್‌ನ ಆಪರೇಟಿಂಗ್ ಸಿಸ್ಟಮ್ ಪೇಪರ್ ಓದಿದ್ದು, ಸಿ ಭಾಷೆ ಬರುತ್ತಿದ್ದು, ಒಮ್ಮೆಯಾದರೂ ಕರ್ನಲ್ ಕಂಪೈಲ್ ಮಾಡಿದ್ದರೆ ಸಾಕು. ಉದಾಹರಣೆಗೆ 64 ಬಿಟ್‌ನ ಎಕ್ಸ್86 ಮಷೀನ್, ಅದರ ಮೇಲೆ ನೆಟ್‌ಬಿಎಸ್‌ಡಿ ಥರದ ಕರ್ನಲ್, ಅದರೊಳಗೆ ಓಡುವ ಲಿನಕ್ಸ್ ಬೈನರಿ ಇಟ್ಟುಕೊಳ್ಳೋಣ.

ಮೊದಲು, ನಡೆಯುವುದೇನು?

ಕಂಪ್ಯಾಟಿಬಿಲಿಟಿ ಪದರ ಎಮ್ಯುಲೇಟರ್ ಅಲ್ಲ. ಬೈನರಿಯ ಸೂಚನೆಗಳನ್ನು ಪ್ರೊಸೆಸರ್ ನೇರವಾಗಿಯೇ ಓಡಿಸುತ್ತದೆ. ಪ್ರೋಗ್ರಾಂ ಸಿಸ್ಟಮ್ ಕಾಲ್ ಮಾಡಿದಾಗ ಮಾತ್ರ ಕರ್ನಲ್ ಲಿನಕ್ಸ್ ಥರ ನಡೆದುಕೊಳ್ಳಬೇಕು. ಸಿಗ್ನಲ್‌ನಲ್ಲಿ, ಅಂದರೆ 'ಟೈಮರ್ ಮುಗಿಯಿತು' ಥರದ ಸುದ್ದಿಯನ್ನು ಕರ್ನಲ್ ಪ್ರೋಗ್ರಾಂಗೆ ಮುಟ್ಟಿಸುವಾಗ, ಇದು ಉಲ್ಟಾ. ಇಲ್ಲಿ ಕರ್ನಲ್ಲೇ ಪ್ರೋಗ್ರಾಂನೊಳಗೆ ನುಗ್ಗಿ, ಓಡುತ್ತಿದ್ದ ಕೋಡನ್ನು ನಡುವೆ ನಿಲ್ಲಿಸಿ, ಆ ಸಿಗ್ನಲ್‌ಗೆಂದು ಬರೆದ ಫಂಕ್ಷನ್ (ಹ್ಯಾಂಡ್ಲರ್) ಓಡಿಸಿ, ಮತ್ತೆ ಬಿಟ್ಟ ಜಾಗಕ್ಕೇ ತಂದು ನಿಲ್ಲಿಸಬೇಕು.

ಲೇಥ್ ಮೇಲೆ ಒಂದು ಜಾಬ್ ಅರ್ಧಕ್ಕೆ ಬಂದಿದೆ ಅಂದುಕೊಳ್ಳಿ. ನಡುವೆ ಅರ್ಜೆಂಟ್ ಜಾಬ್ ಬಂತು. ಆಪರೇಟರ್ ಡಯಲ್ ರೀಡಿಂಗ್ ಎಲ್ಲ ಚೀಟಿಯಲ್ಲಿ ಬರೆದಿಟ್ಟು, ಅರ್ಜೆಂಟ್ ಕೆಲಸ ಮುಗಿಸಿ, ಚೀಟಿ ನೋಡಿ ಹಳೆಯ ಸೆಟ್ಟಿಂಗ್‌ಗೆ ವಾಪಸ್ ತರುತ್ತಾನೆ. ಕರ್ನಲ್ ಮಾಡುವುದೂ ಅದನ್ನೇ. ಆದರೆ ಅದು ಚೀಟಿಯನ್ನು ತನ್ನ ಜೇಬಲ್ಲಿ ಇಟ್ಟುಕೊಳ್ಳುವುದಿಲ್ಲ, ಪ್ರೋಗ್ರಾಂನ ಸ್ಟ್ಯಾಕ್ ಮೇಲೆ ಇಟ್ಟು ಹೋಗುತ್ತದೆ. ಪ್ರೋಗ್ರಾಂ ಅದನ್ನು ಓದಬಹುದು, ತಿದ್ದಬಹುದು, ಬೇಕಾದರೆ ಪೂರ್ತಿ ಸುಳ್ಳು ಚೀಟಿಯನ್ನೇ ಕೊಡಬಹುದು.

ಆ ಚೀಟಿಯ ಹೆಸರು ಸಿಗ್ನಲ್ ಫ್ರೇಮ್. ಅದನ್ನು ವಾಪಸ್ ಓದುವ ಸಿಸ್ಟಮ್ ಕಾಲ್ ಸಿಗ್‌ರಿಟರ್ನ್. ಈ ಕೆಲಸದಲ್ಲಿ ನಿಮಗೆ ಏನೇ ಗೊಂದಲವಾದರೂ ಒಂದೇ ನಿಯಮ ಹಿಡಿಯಿರಿ: ಫ್ರೇಮ್‌ನ ಆಕಾರ ಲಿನಕ್ಸ್‌ದು, ತಪಾಸಣೆ ನಮ್ಮದು. ಆಕಾರದಲ್ಲಿ ಒಂದು ಬೈಟ್ ಕೂಡ ಸ್ವಂತ ಬುದ್ಧಿ ಓಡಿಸಬೇಡಿ. ತಪಾಸಣೆಯಲ್ಲಿ ಲಿನಕ್ಸ್ ಸಡಿಲ ಬಿಟ್ಟಿದೆ ಅಂತ ನೀವೂ ಬಿಡಬೇಡಿ.

ಹೆಜ್ಜೆ 1: ನಂಬರ್ ಸರಿಯಾಗಿದೆಯಾ?

64 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ ಆರ್‌ಟಿ ಸಿಗ್‌ರಿಟರ್ನ್‌ನ (ಸಿಗ್‌ರಿಟರ್ನ್‌ನ ಹೊಸ ರೂಪ) ನಂಬರ್ 15. 32 ಬಿಟ್‌ನಲ್ಲಿ ಎರಡಿವೆ: ಹಳೆಯ ಸಿಗ್‌ರಿಟರ್ನ್ 119, ಹೊಸದು 173. 64 ಬಿಟ್ ಆರ್ಮ್ ಮತ್ತು ರಿಸ್ಕ್-ವಿಯಲ್ಲಿ 139. ಇವನ್ನು ಪದರದ ಸಿಸ್ಟಮ್ ಕಾಲ್ ಪಟ್ಟಿಗೆ ಸೇರಿಸಿ. ಬಿಎಸ್‌ಡಿಗಳ ಸ್ವಂತ ಪಟ್ಟಿಯಲ್ಲಿ 15 ಅಂದರೆ ಸಿಹೆಚ್‌ಮೋಡ್. ಪಟ್ಟಿ ಅದಲು ಬದಲಾದರೆ ಹ್ಯಾಂಡ್ಲರ್ ಮುಗಿದ ಮೇಲೆ ಯಾವುದೋ ಫೈಲ್‌ನ ಪರ್ಮಿಷನ್ ಬದಲಿಸುವ ಪ್ರಯತ್ನ ನಡೆಯುತ್ತದೆ! ಟ್ರೇಸ್‌ನಲ್ಲಿ ಇದು ಕಂಡರೆ ನಕ್ಕು, ಪಟ್ಟಿ ತಿದ್ದಿ.

ಈ ಕಾಲ್‌ಗೆ ಆರ್ಗ್ಯುಮೆಂಟ್ ಇಲ್ಲ. ಫ್ರೇಮ್ ಎಲ್ಲಿದೆ ಅನ್ನುವುದನ್ನು ಸ್ಟ್ಯಾಕ್ ಪಾಯಿಂಟರ್ ನೋಡಿಯೇ ಹುಡುಕಬೇಕು.

ಹೆಜ್ಜೆ 2: ವಾಪಸ್ ಓದುವ ಮುಂಚೆ ಸರಿಯಾಗಿ ಬರೆಯಿರಿ

ಸಿಗ್‌ರಿಟರ್ನ್ ಕೆಟ್ಟಿದೆ ಅಂತ ಹುಡುಕುವವರಿಗೆ ಎಷ್ಟೋ ಸಲ ತಪ್ಪು ಸಿಗುವುದು ಸಿಗ್ನಲ್ ಕಳಿಸುವ ಫಂಕ್ಷನ್‌ನಲ್ಲಿ. ನೆಟ್‌ಬಿಎಸ್‌ಡಿಯಲ್ಲಿ ಪ್ರತಿ ಕಂಪ್ಯಾಟಿಬಿಲಿಟಿ ಪದರಕ್ಕೂ ಒಂದು ಎಮ್ಯುಲೇಶನ್ ಸ್ಟ್ರಕ್ಚರ್ ಇರುತ್ತದೆ, ಅದರಲ್ಲಿ 'ಸೆಂಡ್‌ಸಿಗ್' ಅನ್ನುವ ಫಂಕ್ಷನ್ ಪಾಯಿಂಟರ್ ಇದೆ. ಫ್ರೀಬಿಎಸ್‌ಡಿಯಲ್ಲಿ ಸಿಸ್‌ಎಂಟ್‌ವೆಕ್ ಸ್ಟ್ರಕ್ಚರ್ ಅದೇ ಕೆಲಸ ಮಾಡುತ್ತದೆ. ಲಿನಕ್ಸ್ ಪ್ರೊಸೆಸ್‌ಗೆ ಸಿಗ್ನಲ್ ಬಂದಾಗ ಕರ್ನಲ್ ಈ ಪಾಯಿಂಟರ್ ಮೂಲಕ ನಿಮ್ಮ ಫಂಕ್ಷನ್‌ಗೆ ಬರುತ್ತದೆ.

ಫ್ರೇಮ್‌ನಲ್ಲಿ ಕ್ರಮವಾಗಿ ಮೂರು ಭಾಗ. ಮೊದಲ 8 ಬೈಟ್ ರಿಟರ್ನ್ ಅಡ್ರೆಸ್. ಆಮೇಲೆ 304 ಬೈಟ್‌ನ ಯುಕಾಂಟೆಕ್ಸ್ಟ್ (ಪ್ರೋಗ್ರಾಂನ ಉಳಿಸಿದ ಸ್ಥಿತಿ). ಕೊನೆಗೆ 128 ಬೈಟ್‌ನ ಸಿಗ್‌ಇನ್ಫೋ (ಬಂದ ಸಿಗ್ನಲ್‌ನ ವಿವರ). ಒಟ್ಟು 440. ಯುಕಾಂಟೆಕ್ಸ್ಟ್ ಒಳಗೆ 40ನೇ ಬೈಟ್‌ನಿಂದ 256 ಬೈಟ್‌ನ ಸಿಗ್‌ಕಾಂಟೆಕ್ಸ್ಟ್, ಅದರ ಬಾಲಕ್ಕೆ 8 ಬೈಟ್‌ನ ಸಿಗ್ನಲ್ ಮಾಸ್ಕ್, ಅಂದರೆ ಸದ್ಯಕ್ಕೆ ತಡೆದಿಟ್ಟ ಸಿಗ್ನಲ್‌ಗಳ ಪಟ್ಟಿ. ಸಿಗ್‌ಕಾಂಟೆಕ್ಸ್ಟ್‌ನಲ್ಲಿ ರಿಜಿಸ್ಟರ್‌ಗಳ ಸಾಲು ಆರ್8ರಿಂದ ಆರ್15ರವರೆಗೆ, ಆಮೇಲೆ ಆರ್‌ಡಿಐ, ಆರ್‌ಎಸ್‌ಐ, ಆರ್‌ಬಿಪಿ, ಆರ್‌ಬಿಎಕ್ಸ್, ಆರ್‌ಡಿಎಕ್ಸ್, ಆರ್‌ಎಎಕ್ಸ್, ಆರ್‌ಸಿಎಕ್ಸ್, ಆರ್‌ಎಸ್‌ಪಿ (ಸ್ಟ್ಯಾಕ್ ಪಾಯಿಂಟರ್), ಆರ್‌ಐಪಿ (ಮುಂದೆ ಓಡಬೇಕಾದ ಸೂಚನೆಯ ಅಡ್ರೆಸ್), ಕೊನೆಗೆ ಫ್ಲ್ಯಾಗ್ಸ್. ಬಿಎಸ್‌ಡಿ ಕರ್ನಲ್ ತನ್ನೊಳಗೆ ರಿಜಿಸ್ಟರ್ ಉಳಿಸಿಕೊಳ್ಳುವ ಟ್ರ್ಯಾಪ್ ಫ್ರೇಮ್‌ನ ಸಾಲು ಬೇರೆ. ಹಾಗಾಗಿ ಮೆಮ್‌ಕಾಪಿ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ, ಒಂದೊಂದೇ ರಿಜಿಸ್ಟರ್ ಹೆಸರು ಹಿಡಿದು ಬರೆಯಿರಿ. ಸ್ಟ್ರಕ್ಚರ್ ಕೆಳಗೆ ಕಂಪೈಲ್ ಸಮಯದ ಅಸರ್ಶನ್ ಹಾಕಿ: ಸಿಗ್‌ಕಾಂಟೆಕ್ಸ್ಟ್ ಒಳಗೆ ಆರ್‌ಎಸ್‌ಪಿ 120ರಲ್ಲಿ ಇರಬೇಕು, ಆರ್‌ಐಪಿ 128ರಲ್ಲಿ. ನಾಲ್ಕು ಸಾಲಿನ ಈ ಅಸರ್ಶನ್ ಎಷ್ಟೋ ಸಂಜೆ ಉಳಿಸುತ್ತದೆ.

ಫ್ರೇಮ್ ಇಡುವ ಜಾಗಕ್ಕೆ ಎರಡು ನಿಯಮ. ಒಂದು, ಈಗಿನ ಸ್ಟ್ಯಾಕ್ ಪಾಯಿಂಟರ್‌ನಿಂದ 128 ಬೈಟ್ ಕೆಳಗೆ ಬಿಟ್ಟು ಶುರು ಮಾಡಿ. ಅದು ರೆಡ್ ಝೋನ್. ಸಣ್ಣ ಫಂಕ್ಷನ್‌ಗಳು ಸ್ಟ್ಯಾಕ್ ಪಾಯಿಂಟರ್ ಸರಿಸದೆಯೇ ಅಲ್ಲಿ ಲೋಕಲ್ ವೇರಿಯಬಲ್ ಇಟ್ಟಿರುತ್ತವೆ. ಎರಡು, ಹ್ಯಾಂಡ್ಲರ್ ಶುರುವಾಗುವಾಗ ಸ್ಟ್ಯಾಕ್ ಪಾಯಿಂಟರ್‌ಗೆ 8 ಕೂಡಿಸಿದರೆ 16ರಿಂದ ಭಾಗ ಹೋಗಬೇಕು. ಇದು ತಪ್ಪಿದರೆ ಹ್ಯಾಂಡ್ಲರ್ ಒಳಗೆ ಪ್ರಿಂಟ್‌ಎಫ್ ಕರೆದ ಕೂಡಲೇ ಎಸ್‌ಎಸ್‌ಇ (ವೆಕ್ಟರ್ ಲೆಕ್ಕದ) ಸೂಚನೆಯಲ್ಲಿ ಬೀಳುತ್ತದೆ.

ಆಮೇಲೆ ರಿಜಿಸ್ಟರ್: ಆರ್‌ಡಿಐಗೆ ಲಿನಕ್ಸ್ ಸಿಗ್ನಲ್ ನಂಬರ್, ಆರ್‌ಎಸ್‌ಐಗೆ ಸಿಗ್‌ಇನ್ಫೋ ಅಡ್ರೆಸ್, ಆರ್‌ಡಿಎಕ್ಸ್‌ಗೆ ಯುಕಾಂಟೆಕ್ಸ್ಟ್ ಅಡ್ರೆಸ್, ಆರ್‌ಎಎಕ್ಸ್‌ಗೆ ಸೊನ್ನೆ.

ಒಂದು ಸಿಸ್ಟಮ್ ಕಾಲ್ ನಡುವೆ ಸಿಗ್ನಲ್ ಬಂದಿದ್ದರೆ ಫ್ರೇಮ್‌ನಲ್ಲಿ ಉಳಿಯುವ ಆರ್‌ಎಎಕ್ಸ್ ಕೂಡ ಲಿನಕ್ಸ್ ರೀತಿಯಲ್ಲೇ ಇರಬೇಕು, ಅಂದರೆ ಮೈನಸ್ 4 ('ನಡುವೆ ತಡೆಯಾಯಿತು' ಅನ್ನುವ ಎರರ್). ಬಿಎಸ್‌ಡಿ ಪದ್ಧತಿಯಲ್ಲಿ ಕ್ಯಾರಿ ಫ್ಲ್ಯಾಗ್ ಏರಿಸಿ ಪ್ಲಸ್ 4 ಇಟ್ಟರೆ, ಪ್ರೋಗ್ರಾಂ 'ನಾಲ್ಕು ಬೈಟ್ ಓದಿದೆ' ಅಂದುಕೊಳ್ಳುತ್ತದೆ.

ಹೆಜ್ಜೆ 3: ರಿಟರ್ನ್ ಅಡ್ರೆಸ್ ಯಾರದು?

ಹ್ಯಾಂಡ್ಲರ್ ಮುಗಿಸಿ ರಿಟರ್ನ್ ಆದಾಗ ಹೋಗುವ ಜಾಗಕ್ಕೆ ಟ್ರ್ಯಾಂಪೊಲಿನ್ ಅಂತಾರೆ. 64 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ ಅದನ್ನು ಸಿ ಲೈಬ್ರರಿಯೇ ಕೊಡುತ್ತದೆ. ಹ್ಯಾಂಡ್ಲರ್ ನೋಂದಾಯಿಸುವ ಸಿಗ್‌ಆಕ್ಷನ್ ಕರೆಯುವಾಗ 'ರಿಸ್ಟೋರರ್' ಅನ್ನುವ ಅಡ್ರೆಸ್ ಜೊತೆಗೇ ಬರುತ್ತದೆ, ಅದರ ಫ್ಲ್ಯಾಗ್ ಕೂಡ. ಅದನ್ನು ಸಿಗ್‌ಆಕ್ಷನ್‌ನಲ್ಲಿ ಎತ್ತಿಟ್ಟುಕೊಂಡು ಫ್ರೇಮ್‌ನ ಮೊದಲ 8 ಬೈಟ್‌ಗೆ ಬರೆಯಿರಿ. ಫ್ಲ್ಯಾಗ್ ಇಲ್ಲದಿದ್ದರೆ ಲಿನಕ್ಸ್ ಕೂಡ ಫ್ರೇಮ್ ಕಟ್ಟುವುದಿಲ್ಲ, ಸಿಗ್‌ಸೆಗ್‌ವಿ (ಸೆಗ್‌ಫಾಲ್ಟ್‌ನ ಸಿಗ್ನಲ್) ಕೊಡುತ್ತದೆ. ಲಿನಕ್ಸ್ ಕರ್ನಲ್‌ನ ಸಿಗ್‌ಆಕ್ಷನ್ ಸ್ಟ್ರಕ್ಚರ್‌ನಲ್ಲಿ ಸಾಲು ಹೀಗಿದೆ: ಹ್ಯಾಂಡ್ಲರ್, ಫ್ಲ್ಯಾಗ್ಸ್, ರಿಸ್ಟೋರರ್, ಮಾಸ್ಕ್. ಹೆಡರ್ ಫೈಲ್‌ನಲ್ಲಿ ಪ್ರೋಗ್ರಾಮರ್‌ಗೆ ಕಾಣುವ ಸಾಲು ಬೇರೆ, ಅದನ್ನು ನೋಡಿ ಮೋಸ ಹೋಗಬೇಡಿ.

ಗ್ಲಿಬ್‌ಸಿಯ (ಲಿನಕ್ಸ್‌ನ ಮಾಮೂಲಿ ಸಿ ಲೈಬ್ರರಿ) ರಿಸ್ಟೋರರ್ ಬರೀ 9 ಬೈಟ್: ಆರ್‌ಎಎಕ್ಸ್‌ಗೆ 15 ಹಾಕು, ಸಿಸ್‌ಕಾಲ್ ಮಾಡು. ಜಿಡಿಬಿ ಡಿಬಗ್ಗರ್ ಈ ಬೈಟ್‌ಗಳನ್ನು ನೋಡಿಯೇ 'ಇದು ಸಿಗ್ನಲ್ ಫ್ರೇಮ್' ಅಂತ ಗುರುತಿಸುತ್ತದೆ. ಸ್ವಂತ ಟ್ರ್ಯಾಂಪೊಲಿನ್ ಕೊಡುವ ಹುಮ್ಮಸ್ಸು ಬಂದರೆ ಇದನ್ನು ನೆನೆಸಿಕೊಳ್ಳಿ. 32 ಬಿಟ್ ಎಕ್ಸ್86 ಮತ್ತು ಆರ್ಮ್64ನಲ್ಲಿ ರಿಸ್ಟೋರರ್ ಬರದಿದ್ದರೆ ವಿಡಿಎಸ್‌ಒ (ಕರ್ನಲ್ ಪ್ರತಿ ಪ್ರೊಸೆಸ್‌ಗೂ ಕೊಡುವ ಸಣ್ಣ ಕೋಡ್) ಪುಟದಲ್ಲಿರುವ ಟ್ರ್ಯಾಂಪೊಲಿನ್ ಬಳಸಬೇಕು. ಅಂದರೆ ಆ ಪುಟವನ್ನು ನಿಮ್ಮ ಪದರವೇ ಮ್ಯಾಪ್ ಮಾಡಿರಬೇಕು.

ಹೆಜ್ಜೆ 4: ಸಿಗ್‌ರಿಟರ್ನ್ ಬರೆಯುವುದು

ಹ್ಯಾಂಡ್ಲರ್‌ನ 'ರೆಟ್' ಸೂಚನೆ ಮೊದಲ 8 ಬೈಟ್ ತೆಗೆದುಕೊಂಡು ಹೋಗಿದೆ. ಹಾಗಾಗಿ ಫ್ರೇಮ್‌ನ ಶುರು ಈಗಿನ ಸ್ಟ್ಯಾಕ್ ಪಾಯಿಂಟರ್‌ನಿಂದ 8 ಕಳೆದರೆ ಸಿಗುತ್ತದೆ. 32 ಬಿಟ್‌ನ ಹಳೆಯ ಸಿಗ್‌ರಿಟರ್ನ್‌ನಲ್ಲಿ ಟ್ರ್ಯಾಂಪೊಲಿನ್ ಇನ್ನೊಂದು ಪಾಪ್ ಮಾಡಿರುತ್ತದೆ, ಅಲ್ಲಿಯೂ 8 ಕಳೆಯಬೇಕು. ಹೊಸದರಲ್ಲಿ 4 ಮಾತ್ರ. ಇವೆರಡನ್ನು ಅದಲು ಬದಲು ಮಾಡುವುದು ಬಹಳ ಸುಲಭ.

ಈಗ ಯುಕಾಂಟೆಕ್ಸ್ಟ್ ಪೂರ್ತಿಯನ್ನು ಒಂದೇ ಸಲ ಕರ್ನಲ್ ಮೆಮೊರಿಗೆ ಕಾಪಿ ಮಾಡಿ. ಯೂಸರ್ ಮೆಮೊರಿಯಿಂದ ಒಂದು ಫೀಲ್ಡ್ ಓದಿ, ಪರೀಕ್ಷಿಸಿ, ಆಮೇಲೆ ಮತ್ತೆ ಅಲ್ಲಿಂದಲೇ ಓದುವ ಕೋಡ್ ಬರೆಯಬೇಡಿ. ಪರೀಕ್ಷೆ ಮತ್ತು ಬಳಕೆಯ ನಡುವೆ ಇನ್ನೊಂದು ಥ್ರೆಡ್ ಬಂದು ಬೆಲೆ ಬದಲಿಸಬಹುದು.

ಕಾಪಿ ವಿಫಲವಾದರೆ? ಬಿಎಸ್‌ಡಿ ಅಭ್ಯಾಸದಂತೆ ಇಫಾಲ್ಟ್ (ಕೆಟ್ಟ ಅಡ್ರೆಸ್) ಎರರ್ ವಾಪಸ್ ಕೊಡಲು ಕೈ ಹೋಗುತ್ತದೆ. ಆದರೆ ಯಾರಿಗೆ ಕೊಡುವುದು? ಟ್ರ್ಯಾಂಪೊಲಿನ್‌ನ ಸಿಸ್‌ಕಾಲ್ ನಂತರ ಓಡಿಸಲು ಅರ್ಥವುಳ್ಳ ಕೋಡೇ ಇಲ್ಲ. ಲಿನಕ್ಸ್ ಇಂಥ ಕಡೆ ಪ್ರೊಸೆಸ್‌ಗೆ ಸಿಗ್‌ಸೆಗ್‌ವಿ ಹೊಡೆಯುತ್ತದೆ. ನೀವೂ ಹಾಗೇ ಮಾಡಿ.

ತಪಾಸಣೆ ಎಲ್ಲ ಮುಗಿಯುವ ತನಕ ಪ್ರೊಸೆಸ್‌ನ ಯಾವ ಸ್ಥಿತಿಯನ್ನೂ ಮುಟ್ಟಬೇಡಿ. ಪರೀಕ್ಷಿಸಬೇಕಾದವು ಇವು:

ಆರ್‌ಐಪಿ ಯೂಸರ್ ಅಡ್ರೆಸ್ ವ್ಯಾಪ್ತಿಯಲ್ಲೇ ಇರಬೇಕು. ಇದು ಬರೀ ಶಿಸ್ತಿನ ಮಾತಲ್ಲ. ಇಂಟೆಲ್ ಪ್ರೊಸೆಸರ್‌ನಲ್ಲಿ ನಿಯಮಕ್ಕೆ ಹೊರತಾದ ಅಡ್ರೆಸ್ ಇಟ್ಟು ಸಿಸ್‌ರೆಟ್ (ಸಿಸ್ಟಮ್ ಕಾಲ್‌ನಿಂದ ಯೂಸರ್ ಕೋಡ್‌ಗೆ ವಾಪಸ್ ಹೋಗುವ ಸೂಚನೆ) ಮಾಡಿದರೆ ಫಾಲ್ಟ್ ಆಗುವುದು ಕರ್ನಲ್ ಮೋಡ್‌ನಲ್ಲೇ, ಅದೂ ಸ್ಟ್ಯಾಕ್ ಪಾಯಿಂಟರ್ ಆಗಲೇ ಯೂಸರ್ ಕೈಯಲ್ಲಿರುವಾಗ. 2012ರಲ್ಲಿ ಸಿವಿಇ-2012-0217 ಅಂತ ಬಯಲಾದ ತೂತು ಇದೇ. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಝೆನ್, ವಿಂಡೋಸ್ ಎಲ್ಲಕ್ಕೂ ಇದರ ಬಿಸಿ ತಟ್ಟಿತ್ತು.

ಫ್ಲ್ಯಾಗ್ಸ್‌ನಲ್ಲಿ ಕ್ಯಾರಿ, ಝೀರೋ, ಸೈನ್, ಓವರ್‌ಫ್ಲೋ, ಡೈರೆಕ್ಷನ್ ಥರದ ಯೂಸರ್ ಬಿಟ್‌ಗಳನ್ನು ಮಾತ್ರ ಫ್ರೇಮ್‌ನಿಂದ ತೆಗೆದುಕೊಳ್ಳಿ. ಇಂಟರಪ್ಟ್ ಬಿಟ್ ಮತ್ತು ಐಒಪಿಎಲ್ (ಐ/ಒ ಅಧಿಕಾರದ ಮಟ್ಟ) ಕರ್ನಲ್‌ನಲ್ಲಿ ಇದ್ದಂತೆಯೇ ಇರಲಿ. ಐಒಪಿಎಲ್‌ಗೆ 3 ಬಂದು ಕೂತರೆ ಯಾವುದೋ ಅಳತೆ ಪ್ರೋಗ್ರಾಂ ನೇರವಾಗಿ ಹಾರ್ಡ್‌ವೇರ್ ಪೋರ್ಟ್ ಮುಟ್ಟುವ ಅಧಿಕಾರ ಪಡೆಯುತ್ತದೆ.

ಸಿಎಸ್ ಮತ್ತು ಎಸ್‌ಎಸ್ (ಕೋಡ್ ಮತ್ತು ಸ್ಟ್ಯಾಕ್ ಸೆಗ್‌ಮೆಂಟ್) ಸೆಲೆಕ್ಟರ್ ಫ್ರೇಮ್‌ನಿಂದ ತೆಗೆದುಕೊಳ್ಳಲೇಬೇಡಿ ಅನ್ನುವುದು ನನ್ನ ಸಲಹೆ. 64 ಬಿಟ್ ಪ್ರೊಸೆಸ್‌ಗೆ ನಿಮ್ಮ ಕರ್ನಲ್‌ನ ಸ್ವಂತ ಯೂಸರ್ ಸೆಲೆಕ್ಟರ್ ಸಾಕು. ಎಫ್‌ಎಸ್ ಮತ್ತು ಜಿಎಸ್ ಜಾಗದಲ್ಲಿ ಲಿನಕ್ಸ್ ಬರೆಯುವುದು ಸೊನ್ನೆ, ವಾಪಸ್ ಬರುವಾಗ ಅವನ್ನು ನೋಡುವುದೂ ಇಲ್ಲ. ಆ ಸೊನ್ನೆಯನ್ನು ನಿಜ ಅಂದುಕೊಂಡು ಎಫ್‌ಎಸ್‌ಗೆ ತುಂಬಿದರೆ ಇಂಟೆಲ್‌ನಲ್ಲಿ ಎಫ್‌ಎಸ್ ಬೇಸ್ ಕೂಡ ಅಳಿಸಿಹೋಗುತ್ತದೆ. ಥ್ರೆಡ್‌ನ ಲೋಕಲ್ ಸ್ಟೋರೇಜ್ ಇರುವುದೇ ಅದರ ಮೇಲೆ. ಆಮೇಲೆ ಎರರ್ ನಂಬರ್ ಇಡುವ ಎರ್‌ನೋ ಮುಟ್ಟಿದ ಕೂಡಲೇ ಪ್ರೋಗ್ರಾಂ ಸಾಯುತ್ತದೆ.

ಇಷ್ಟು ಅನುಮಾನ ಯಾಕೆ ಅನ್ನಿಸಬಹುದು, ಅಲ್ವಾ? 2014ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಎರಿಕ್ ಬಾಸ್‌ಮನ್ ಮತ್ತು ಹರ್ಬರ್ಟ್ ಬಾಸ್ ಸುಳ್ಳು ಫ್ರೇಮ್ ಕಟ್ಟಿ, ಸಿಗ್‌ರಿಟರ್ನ್ ಕರೆದು, ಎಲ್ಲ ರಿಜಿಸ್ಟರ್‌ಗಳನ್ನೂ ಒಂದೇ ಏಟಿಗೆ ಹಿಡಿತಕ್ಕೆ ತೆಗೆದುಕೊಳ್ಳುವ ದಾಳಿ ತೋರಿಸಿದರು. ಓಪನ್‌ಬಿಎಸ್‌ಡಿ ಆಮೇಲೆ ಫ್ರೇಮ್‌ಗೆ ಒಂದು ಗುಪ್ತ ಕುಕಿ ಸೇರಿಸಿತು. ಲಿನಕ್ಸ್ ಆಕಾರಕ್ಕೆ ಬದ್ಧವಾದ ಪದರದಲ್ಲಿ ಅದಕ್ಕೆ ಜಾಗವಿಲ್ಲ. ಅದರಿಂದ ನಮ್ಮ ಗುರಿ ಇಷ್ಟೇ: ಸುಳ್ಳು ಚೀಟಿ ಕೊಟ್ಟವನು ತನ್ನ ಪ್ರೊಸೆಸ್ ಕೆಡಿಸಿಕೊಳ್ಳಲಿ, ಕರ್ನಲ್ ಕೆಡಬಾರದು.

ಹೆಜ್ಜೆ 5: ಮಾಸ್ಕ್ ಅನುವಾದ

ಲಿನಕ್ಸ್ ಮತ್ತು ಬಿಎಸ್‌ಡಿ ಸಿಗ್ನಲ್ ನಂಬರ್‌ಗಳು ಅರ್ಧ ಹೊಂದುತ್ತವೆ, ಅರ್ಧ ಹೊಂದುವುದಿಲ್ಲ. ಸಿಗ್‌ಕಿಲ್ 9, ಸಿಗ್‌ಸೆಗ್‌ವಿ 11 ಎರಡು ಕಡೆಯೂ ಒಂದೇ. ಆದರೆ ಸಿಗ್‌ಯುಎಸ್‌ಆರ್1 ಲಿನಕ್ಸ್‌ನಲ್ಲಿ 10, ಬಿಎಸ್‌ಡಿಯಲ್ಲಿ 30. ಬಿಎಸ್‌ಡಿಯ 10 ಅಂದರೆ ಸಿಗ್‌ಬಸ್.

ಇದರಲ್ಲಿ ಕೆಟ್ಟದ್ದು 17. ಲಿನಕ್ಸ್‌ನಲ್ಲಿ ಅದು ಸಿಗ್‌ಚೈಲ್ಡ್, ಬಿಎಸ್‌ಡಿಯಲ್ಲಿ ಸಿಗ್‌ಸ್ಟಾಪ್. ಪ್ರೋಗ್ರಾಂ ಸಿಗ್‌ಚೈಲ್ಡ್ ತಡೆದಿದೆ ಅಂದುಕೊಳ್ಳಿ. ಮಾಸ್ಕ್ ಅನುವಾದಿಸದೆ ವಾಪಸ್ ಹಾಕಿದರೆ ಕರ್ನಲ್ ಅದನ್ನು ಸಿಗ್‌ಸ್ಟಾಪ್ ಅಂತ ಓದುತ್ತದೆ, ಸಿಗ್‌ಸ್ಟಾಪ್ ತಡೆಯಲು ಆಗದ್ದರಿಂದ ಆ ಬಿಟ್ ಸದ್ದಿಲ್ಲದೆ ತೆಗೆದುಹಾಕುತ್ತದೆ. ಎರರ್ ಬರುವುದಿಲ್ಲ. ಮುಂದೆ ಯಾವಾಗಲೋ, ಬರಬಾರದ ಹೊತ್ತಲ್ಲಿ ಸಿಗ್‌ಚೈಲ್ಡ್ ಬಂದು ಡೇಟಾ ಕೆಡುತ್ತದೆ.

ಗಾತ್ರವೂ ಬೇರೆ. ಲಿನಕ್ಸ್ ಕರ್ನಲ್ ಮಾಸ್ಕ್ 64 ಬಿಟ್, ನೆಟ್‌ಬಿಎಸ್‌ಡಿ ಮತ್ತು ಫ್ರೀಬಿಎಸ್‌ಡಿಯದು 128. ಫ್ರೇಮ್ ಬರೆಯುವಾಗ ಬಿಎಸ್‌ಡಿ ಮಾಸ್ಕನ್ನೇ ಇಟ್ಟರೆ 8 ಬೈಟ್ ಉಕ್ಕಿ ಪಕ್ಕದ ಸಿಗ್‌ಇನ್ಫೋ ಮೇಲೆ ಬೀಳುತ್ತದೆ. ರಿಯಲ್‌ಟೈಮ್ ಸಿಗ್ನಲ್‌ಗಳಿಗೂ ಪಟ್ಟಿ ಬೇಕು. ಗ್ಲಿಬ್‌ಸಿ ಥ್ರೆಡ್ ರದ್ದು ಮಾಡಲು 32ನೇ ಸಿಗ್ನಲ್ ಬಳಸುತ್ತದೆ. 'ರಿಯಲ್‌ಟೈಮ್ ಯಾರು ಬಳಸ್ತಾರೆ' ಅಂತ ಬಿಟ್ಟರೆ ಪಿಥ್ರೆಡ್ ಕ್ಯಾನ್ಸಲ್ ಕೈಕೊಡುತ್ತದೆ.

ಹೆಜ್ಜೆ 6: ಬೇರೆ ಸ್ಟ್ಯಾಕ್

ಹ್ಯಾಂಡ್ಲರ್‌ಗೆಂದೇ ಬೇರೆ ಸ್ಟ್ಯಾಕ್ ಕೊಡುವ ಸಿಗ್‌ಆಲ್ಟ್‌ಸ್ಟ್ಯಾಕ್‌ನ ವಿವರ ಯುಕಾಂಟೆಕ್ಸ್ಟ್‌ನಲ್ಲೇ ಇದೆ. ಲಿನಕ್ಸ್ ಅದನ್ನೂ ಸಿಗ್‌ರಿಟರ್ನ್‌ನಲ್ಲಿ ವಾಪಸ್ ಹಾಕುತ್ತದೆ. ಇಲ್ಲಿ ಒಂದು ನಡವಳಿಕೆ ವ್ಯತ್ಯಾಸ ಇದೆ. ನೆಟ್‌ಬಿಎಸ್‌ಡಿ 'ಈಗ ಬೇರೆ ಸ್ಟ್ಯಾಕ್ ಮೇಲಿದ್ದೇನೆ' ಅಂತ ಒಂದು ಫ್ಲ್ಯಾಗ್ ಇಟ್ಟುಕೊಳ್ಳುತ್ತದೆ. ಲಿನಕ್ಸ್ ಸ್ಟ್ಯಾಕ್ ಪಾಯಿಂಟರ್ ಎಲ್ಲಿದೆ ಅಂತ ನೋಡಿ ತೀರ್ಮಾನಿಸುತ್ತದೆ. ಹ್ಯಾಂಡ್ಲರ್‌ನಿಂದ ಸಿಗ್‌ಲಾಂಗ್‌ಜಂಪ್ ಮಾಡಿ ಹಾರಿಹೋಗುವ ಲಿನಕ್ಸ್ ಪ್ರೋಗ್ರಾಂ ಸಿಗ್‌ರಿಟರ್ನ್ ಕರೆಯುವುದೇ ಇಲ್ಲ. ಫ್ಲ್ಯಾಗ್ ಹಾಗೇ ಉಳಿದು, ಮುಂದಿನ ಸಿಗ್ನಲ್ ಮಾಮೂಲಿ ಸ್ಟ್ಯಾಕ್ ಮೇಲೆ ಬರುತ್ತದೆ. ಲಿನಕ್ಸ್ ಪ್ರೊಸೆಸ್‌ಗೆ ಸ್ಟ್ಯಾಕ್ ಪಾಯಿಂಟರ್ ನೋಡಿ ತೀರ್ಮಾನಿಸುವುದೇ ಸರಿ.

ಹೆಜ್ಜೆ 7: ಫ್ಲೋಟಿಂಗ್ ಪಾಯಿಂಟ್

ಎಲ್ಲರೂ 'ಆಮೇಲೆ ಮಾಡೋಣ' ಅನ್ನುವ ಭಾಗ ಇದು. ಸಿಗ್‌ಕಾಂಟೆಕ್ಸ್ಟ್‌ನಲ್ಲಿ ಒಂದು ಪಾಯಿಂಟರ್ ಇದೆ, ಅದು ಫ್ರೇಮ್‌ಗಿಂತ ಮೇಲೆ ಸ್ಟ್ಯಾಕ್‌ನಲ್ಲಿ ಉಳಿಸಿದ ಎಫ್‌ಪಿಯು ಸ್ಥಿತಿಯನ್ನು ತೋರಿಸುತ್ತದೆ. ಹಳೆಯ ಎಫ್‌ಎಕ್ಸ್‌ಸೇವ್ ಆಕಾರಕ್ಕೆ 512 ಬೈಟ್ ಸಾಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಎವಿಎಕ್ಸ್ (ಅಗಲವಾದ ವೆಕ್ಟರ್) ರಿಜಿಸ್ಟರ್‌ಗಳ ಮೇಲಿನ ಅರ್ಧ ಉಳಿಯುವುದಿಲ್ಲ. ನಾವು ಎವಿಎಕ್ಸ್ ಬಳಸುತ್ತಿಲ್ಲ ಅಂತ ಯಾರೂ ಹೇಳುವಂತಿಲ್ಲ, ಗ್ಲಿಬ್‌ಸಿಯ ಮೆಮ್‌ಕಾಪಿಯೇ ಅದನ್ನು ಬಳಸುತ್ತದೆ. ಹ್ಯಾಂಡ್ಲರ್ ಒಂದು ಮೆಮ್‌ಕಾಪಿ ಕರೆದರೆ ಸಾಕು, ಹೊರಗೆ ಅರ್ಧಕ್ಕೆ ನಿಂತ ಲೆಕ್ಕ ಕೆಡುತ್ತದೆ. ಎವಿಎಕ್ಸ್ ಸೇರಿಸಿದರೆ ಎಕ್ಸ್‌ಸೇವ್ ಜಾಗ 832 ಬೈಟ್, 64 ಬೈಟ್‌ಗೆ ಅಲೈನ್ ಆಗಿರಬೇಕು. ಎವಿಎಕ್ಸ್-512 ಬಂದರೆ ಎರಡೂವರೆ ಸಾವಿರ ದಾಟುತ್ತದೆ. ಹಳೆಯ ಪ್ರೋಗ್ರಾಂಗಳು ಕೊಡುವ 2048 ಬೈಟ್‌ನ ಕನಿಷ್ಠ ಸ್ಟ್ಯಾಕ್‌ನಲ್ಲಿ ಅದು ಹಿಡಿಸುವುದೇ ಇಲ್ಲ. ಅಂಥ ಕಡೆ ಫ್ರೇಮ್ ಬರೆಯುವ ಮುಂಚೆಯೇ ಜಾಗ ಲೆಕ್ಕ ಹಾಕಿ ಸಿಗ್‌ಸೆಗ್‌ವಿ ಕೊಡಿ, ಪಕ್ಕದ ಮೆಮೊರಿ ತುಳಿಯಬೇಡಿ.

ವಾಪಸ್ ಓದುವಾಗ ಎಂಎಕ್ಸ್‌ಸಿಎಸ್‌ಆರ್‌ನ (ಎಸ್‌ಎಸ್‌ಇ ನಿಯಂತ್ರಣ ರಿಜಿಸ್ಟರ್) ಕಾಯ್ದಿಟ್ಟ ಬಿಟ್‌ಗಳನ್ನು ಅಳಿಸಿ. ಅದರಲ್ಲಿ ಕಸ ಇದ್ದರೆ ಎಫ್‌ಎಕ್ಸ್‌ಆರ್‌ಸ್ಟೋರ್ ಸೂಚನೆ ಕರ್ನಲ್ ಒಳಗೇ ಫಾಲ್ಟ್ ಆಗುತ್ತದೆ. ಪಾಯಿಂಟರ್ ಸೊನ್ನೆ ಇದ್ದರೆ ಎಫ್‌ಪಿಯುವನ್ನು ಹೊಸದಾಗಿ ಶುರು ಮಾಡಿದ ಸ್ಥಿತಿಗೆ ತನ್ನಿ.

ಹೆಜ್ಜೆ 8: ಹೊರಗೆ ಹೋಗುವ ದಾರಿ

ಮಾಮೂಲಿ ಸಿಸ್ಟಮ್ ಕಾಲ್ ಮುಗಿದಾಗ ಕರ್ನಲ್ ಆರ್‌ಎಎಕ್ಸ್‌ಗೆ ಫಲಿತಾಂಶ ಬರೆಯುತ್ತದೆ. ಸಿಗ್‌ರಿಟರ್ನ್‌ನಲ್ಲಿ ಹಾಗಾಗಬಾರದು, ಆರ್‌ಎಎಕ್ಸ್ ಈಗ ಪ್ರೋಗ್ರಾಂನ ಸ್ವಂತ ಬೆಲೆ. ಬಿಎಸ್‌ಡಿಗಳಲ್ಲಿ ಇದಕ್ಕೆಂದೇ ಇ-ಜಸ್ಟ್-ರಿಟರ್ನ್ ಅನ್ನುವ ವಿಶೇಷ ಬೆಲೆ ಇದೆ. ಅದನ್ನೇ ರಿಟರ್ನ್ ಮಾಡಿ, ಸೊನ್ನೆಯನ್ನಲ್ಲ.

ಇನ್ನೊಂದು: ಸಿಸ್‌ರೆಟ್ ಮೂಲಕ ಹೊರಗೆ ಹೋದರೆ ಆರ್‌ಸಿಎಕ್ಸ್ ಮತ್ತು ಆರ್11 ಹಾಳಾಗುತ್ತವೆ. ಸಿಸ್ಟಮ್ ಕಾಲ್ ಮಾಡಿದವನಿಗೆ ಇದು ಗೊತ್ತಿರುತ್ತದೆ. ಲೆಕ್ಕದ ಮಧ್ಯೆ ಟೈಮರ್ ಸಿಗ್ನಲ್ ಬಂದವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಈ ಒಂದು ಕಾಲ್, ಎಲ್ಲ ರಿಜಿಸ್ಟರ್ ಹಾಗೇ ಉಳಿಸುವ ಐರೆಟ್ ಸೂಚನೆಯ ದಾರಿಯಲ್ಲೇ ಹೊರಗೆ ಹೋಗಬೇಕು. ಫ್ರೀಬಿಎಸ್‌ಡಿಯಲ್ಲಿ 'ಫುಲ್ ಐರೆಟ್', ನೆಟ್‌ಬಿಎಸ್‌ಡಿಯಲ್ಲಿ 'ಎಂಡಿಎಲ್ ಐರೆಟ್' ಅನ್ನುವ ಫ್ಲ್ಯಾಗ್ ಏರಿಸಿದರೆ ಆಯಿತು.

ಹೆಜ್ಜೆ 9: ಪರೀಕ್ಷೆ

ಕ್ಯೂಎಂಯು ವರ್ಚುವಲ್ ಮಷೀನ್‌ನಲ್ಲೇ ಮಾಡಿ. ಕರ್ನಲ್ ಪ್ಯಾನಿಕ್ ಆದರೂ, ಜುಲೈ ಮಳೆಗೆ ಕರೆಂಟ್ ಹೋದರೂ ಸ್ನ್ಯಾಪ್‌ಶಾಟ್‌ನಿಂದ ಮತ್ತೆ ಶುರು ಮಾಡಬಹುದು. ಸಿಸ್ಟಮ್ ಕಾಲ್ ದಾಖಲಿಸುವ ಕೆಟ್ರೇಸ್ ಆನ್ ಇಟ್ಟುಕೊಳ್ಳಿ, ಸಿಗ್ನಲ್ ಬಂದದ್ದೂ ಸಿಗ್‌ರಿಟರ್ನ್ ಆದದ್ದೂ ಅದರಲ್ಲಿ ಕಾಣುತ್ತದೆ.

ಮೊದಲ ಪರೀಕ್ಷೆ ಅಸೆಂಬ್ಲಿಯಲ್ಲಿ ಇರಲಿ. ಎಲ್ಲ ರಿಜಿಸ್ಟರ್‌ಗೂ ಗೊತ್ತಿರುವ ಬೇರೆ ಬೇರೆ ಬೆಲೆ ತುಂಬಿ, ಲೂಪ್‌ನಲ್ಲಿ ಸುತ್ತುತ್ತಾ ಬೆಲೆ ಬದಲಾಯಿತಾ ಅಂತ ನೋಡುವ ಪ್ರೋಗ್ರಾಂ. ಜೊತೆಗೆ ಒಂದು ಮಿಲಿಸೆಕೆಂಡ್‌ನ ಟೈಮರ್. ಎರಡನೆಯದು, ಸಿಗ್‌ಸೆಗ್‌ವಿ ಹ್ಯಾಂಡ್ಲರ್ ಒಳಗೆ ಯುಕಾಂಟೆಕ್ಸ್ಟ್‌ನ ಆರ್‌ಐಪಿಯನ್ನು ಮುಂದಕ್ಕೆ ತಳ್ಳುವ ಪ್ರೋಗ್ರಾಂ. ಇದು ಕುಚೇಷ್ಟೆ ಅಲ್ಲ, ಜಾವಾದ ಹಾಟ್‌ಸ್ಪಾಟ್ ವರ್ಚುವಲ್ ಮಷೀನ್ ನಲ್ ಪಾಯಿಂಟರ್ ಹಿಡಿಯುವುದು ಇದೇ ಉಪಾಯದಿಂದ. ಮೂರನೆಯದು, ಬೇಕೆಂದೇ ಕೆಟ್ಟ ಫ್ರೇಮ್ ಕೊಡುವ ಪ್ರೋಗ್ರಾಂ. ಪ್ರೊಸೆಸ್ ಸಾಯಬೇಕು, ಕರ್ನಲ್ ಸಾಯಬಾರದು.

ಆಮೇಲೆ ಗೋ ಭಾಷೆಯಲ್ಲಿ ಬರೆದ ಯಾವುದಾದರೂ ಲಿನಕ್ಸ್ ಬೈನರಿ ಓಡಿಸಿ. 2020ರ 1.14 ಆವೃತ್ತಿಯಿಂದ ಗೋ ರನ್‌ಟೈಮ್ ತನ್ನ ಗೊರುಟೀನ್‌ಗಳನ್ನು (ಗೋ ಭಾಷೆಯ ಹಗುರ ಥ್ರೆಡ್) ತಡೆದು ನಿಲ್ಲಿಸಲು ತನಗೆ ತಾನೇ ಸಿಗ್‌ಅರ್ಜ್ ಕಳಿಸಿಕೊಳ್ಳುತ್ತದೆ. ಹ್ಯಾಂಡ್ಲರ್ ಓಡುವುದು ಬೇರೆ ಸ್ಟ್ಯಾಕ್ ಮೇಲೆ, ರಿಸ್ಟೋರರ್ ಅದರ ಸ್ವಂತದ್ದು, ಆರ್‌ಐಪಿಯನ್ನೂ ಅದೇ ತಿದ್ದುತ್ತದೆ. ಸಿಗ್‌ಅರ್ಜ್ ಲಿನಕ್ಸ್‌ನಲ್ಲಿ 23, ಬಿಎಸ್‌ಡಿಯಲ್ಲಿ 16. ಇಷ್ಟು ಹೆಜ್ಜೆಗಳ ಬಹುಪಾಲನ್ನು ಒಟ್ಟಿಗೆ ತಿಕ್ಕಿ ನೋಡುವ ಪರೀಕ್ಷೆ ಪುಕ್ಕಟೆ ಸಿಕ್ಕಂತೆ.

ಕೆಟ್ಟರೆ ಲಕ್ಷಣ ನೋಡಿ ಹೆಜ್ಜೆ ಹುಡುಕಿ. ಮೊದಲ ಸಿಗ್ನಲ್‌ಗೇ ಬಿದ್ದರೆ 3 ಮತ್ತು 4. ಮೊದಲನೆಯದು ಸರಿ ಹೋಗಿ ಎರಡನೆಯ ಸಿಗ್ನಲ್ ಬರದೇ ಇದ್ದರೆ ಮಾಸ್ಕ್ ವಾಪಸ್ ಆಗಿಲ್ಲ. ಎರ್‌ನೋ ಹತ್ತಿರ ಬಿದ್ದರೆ ಎಫ್‌ಎಸ್ ಬೇಸ್. ಲೆಕ್ಕದ ಫಲಿತಾಂಶ ಆಗೊಮ್ಮೆ ಈಗೊಮ್ಮೆ ತಪ್ಪಾದರೆ 7. ಗಂಟೆಗಟ್ಟಲೆ ಓಡಿ ಆಮೇಲೆ ಕಾರಣವೇ ಇಲ್ಲದಂತೆ ಬಿದ್ದರೆ ಆರ್‌ಸಿಎಕ್ಸ್ ಬೆಲೆ ನೋಡಿ. ಅದು ಆರ್‌ಐಪಿಗೆ ಸಮನಾಗಿದ್ದರೆ ನಿಮ್ಮ ಕರ್ನಲ್ ಇನ್ನೂ ಸಿಸ್‌ರೆಟ್ ದಾರಿಯಲ್ಲೇ ಹೊರಗೆ ಹೋಗುತ್ತಿದೆ.